ಇನ್ನೊಂದೇ ಮನೆ

ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ನರ್ಸಮ್ಮನಿಗೆ ಆ ದಿನ ಬೆಳಗಿನಿಂದ ಉಸಿರಾಡಲೂ ಪುರುಸೊತ್ತಿರಲಿಲ್ಲ. ಜೊತೆಯವಳೊಬ್ಬಳು ಕೆಲಸ ಬಿಟ್ಟಿದ್ದೇ ತಡ, ಅವಳ ಮನೆಗಳೆಲ್ಲ ಇವಳ ತಲೆಗೆ ಬಿದ್ದಿದ್ದವು. ಮೇಲಧಿಕಾರಿ ಮೇಡಂ ಫೋನ್ ಮಾಡಿದಾಗಲೆಲ್ಲ ಬೆಣ್ಣೆಯಂಥ ದನಿಯಲ್ಲಿ, "ಇನ್ನೊಂದೇ ಮನೆ ಕಣಮ್ಮಾ" ಎನ್ನುವರು. ಆ ಒಂದಕ್ಕೆ ಕೊನೆಯೆಂಬುದೇ ಇರಲಿಲ್ಲ.

ಡ್ರೈವರ್ ಅಜ್ಜನ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಸಂಜೆಯಾಗಿತ್ತು. ಹಿಂದೆ ಬಸ್ ಓಡಿಸುತ್ತಿದ್ದ ಅಜ್ಜನಿಗೆ ಸಕ್ಕರೆ ಕಾಯಿಲೆ. ಹಿಮ್ಮಡಿಯ ಹುಣ್ಣಿನಿಂದ ಕೂತಲ್ಲೇ ಕೂತಿದ್ದರೂ ಬಾಯಿ ಮಾತ್ರ ಇನ್ನೂ ಟಾಪ್ ಗೇರಿನಲ್ಲೇ ಇತ್ತು. ನರ್ಸಮ್ಮ ಹುಣ್ಣು ತೊಳೆದು ಬಟ್ಟೆ ಕಟ್ಟಿದಳು. ಇನ್ಸುಲಿನ್ ಸಿರಿಂಜಿಗೆ ಎಳೆದುಕೊಂಡು ಸ್ಟೂಲಿನ ಮೇಲೆ ಕೂತಿದ್ದಷ್ಟೇ ನೆನಪು.

"ಮಗಳೇ!"

ಬೆಚ್ಚಿ ಕಣ್ಣು ಬಿಟ್ಟಳು. ನಿದ್ದೆಗಣ್ಣಲ್ಲೇ ಚುಚ್ಚಲು ಹೊರಟಿದ್ದ ಅವಳ ಮಣಿಕಟ್ಟನ್ನು ಅಜ್ಜ ಹಿಡಿದಿದ್ದರು. ಸಿರಿಂಜ್ ನೋಡಿದರೆ, ಕೊಡಬೇಕಾದದ್ದರ ದುಪ್ಪಟ್ಟು ಔಷಧಿ.

"ತಪ್ಪಾಯ್ತು ಅಜ್ಜಾ, ಯಾರಿಗೂ ಹೇಳ್ಬೇಡಿ."

"ನಾನ್ಯಾಕೆ ಹೇಳ್ಲಿ? ನೀನೇ ಹೇಳು. ಕಣ್ಣು ಎಳೀತಿದ್ರೆ ನಾನು ಬಸ್ಸನ್ನ ಪಕ್ಕಕ್ಕೆ ಹಾಕ್ತಿದ್ದೆ. ಒಳಗಿದ್ದೋರು ಬಾಯಿಗೆ ಬಂದಂಗೆ ಬೈತಿದ್ರು. ಬೈಲಿ ಬಿಡು, ಮನೆ ಸೇರ್ತಿದ್ರಲ್ಲ!"

ಅವಳು ಸಿರಿಂಜ್ ಬಿಸಾಕಿ ಹೊಸದರಲ್ಲಿ ಔಷಧಿ ಎಳೆದು, ಗೆರೆಯನ್ನು ಎರಡೆರಡು ಸಲ ನೋಡಿ ಚುಚ್ಚಿದಳು. ಆಮೇಲೆ ಅಲ್ಲಿಂದಲೇ ಮೇಡಂಗೆ ಫೋನ್ ಮಾಡಿ, ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು.

"ಇವತ್ತು ಇನ್ನು ನನ್ನ ಕೈಲಾಗಲ್ಲ ಮೇಡಂ."

"ಹಾಗಂದ್ರೆ ಹೇಗಮ್ಮಾ? ಉಳಿದ ಮನೆಗಳಿಗೆ ಯಾರು ಹೋಗ್ತಾರೆ?"

"ನೀವೂ ನರ್ಸೇ ಅಲ್ವಾ ಮೇಡಂ?"

"ನಾಳೆ ಆಫೀಸಿಗೆ ಬಾ" ಎಂಬ ಮೇಡಂ ಮಾತಿನಲ್ಲಿ ಬೆಣ್ಣೆಯ ಪಸೆಯೂ ಇರಲಿಲ್ಲ.

"ಬರ್ತೀನಿ. ಒಬ್ಳೇ ಬರಲ್ಲ."

ಆ ರಾತ್ರಿ ಅವಳು ಜೊತೆಯ ನರ್ಸುಗಳಿಗೆಲ್ಲ ಫೋನ್ ಮಾಡಿದಳು. ಬರುತ್ತೇವೆಂದವರಲ್ಲಿ ಅರ್ಧಕ್ಕರ್ಧ ಜನ ಬೆಳಗಾಗುವಷ್ಟರಲ್ಲಿ ಜಾರಿಕೊಂಡರು. ಆಫೀಸಿನಲ್ಲಿ ಮೇಡಂ ಮತ್ತು ಬಂದವರ ಮುಂದೆ ನರ್ಸಮ್ಮ ತನ್ನ ತಪ್ಪನ್ನು ತಾನೇ ಮತ್ತೊಮ್ಮೆ ಹೇಳಿದಳು. ಆಗ ಮೂಲೆಯಲ್ಲಿದ್ದ ಹಿರಿಯ ನರ್ಸ್ ಎದ್ದು, "ನಾನು ನಿದ್ದೆಗಣ್ಣಲ್ಲಿ ಸ್ಕೂಟರ್ ಸಮೇತ ಚರಂಡಿಗೆ ಬಿದ್ದಿದ್ದೆ. ಜಾರಿ ಬಿದ್ದೆ ಅಂತ ಸುಳ್ಳು ಹೇಳ್ದೆ" ಎಂದಳು. ಒಬ್ಬೊಬ್ಬರಾಗಿ ಬಾಯಿ ಬಿಚ್ಚಿದರು. ಹಿಂದಿನ ಸಂಜೆ ಉಳಿದ ಮನೆಗಳಿಗೆ ತಾವೇ ಅಲೆದಿದ್ದ ಮೇಡಂ, ಊದಿದ ಪಾದಗಳನ್ನು ಕುರ್ಚಿಯಡಿ ಎಳೆದುಕೊಂಡು ಎಲ್ಲವನ್ನೂ ಕೇಳಿದರು.

ಹೊಸ ನರ್ಸ್ ಬರಲು ತಿಂಗಳುಗಳೇ ಹಿಡಿದವು. ಅಲ್ಲಿಯವರೆಗೆ ಬಿಟ್ಟುಹೋದವಳ ಮನೆಗಳನ್ನು ಎಲ್ಲರೂ ಹಂಚಿಕೊಂಡರು, ಮೇಡಂ ಕೂಡ. ಊಟದ ಹೊತ್ತಿನಲ್ಲಿ ಯಾರ ಫೋನೂ ಹೊಡೆದುಕೊಳ್ಳಲಿಲ್ಲ. ನರ್ಸಮ್ಮನಿಗೆ ಮಾತ್ರ ಎಚ್ಚರಿಕೆಯ ಮೆಮೋ ಬಂತು. ಓದಿ ಸಹಿ ಹಾಕಿದಳು. ಬ್ಯಾಗ್ ಹೆಗಲಿಗೇರಿಸಿ ಹೊರಟಾಗ ಅವಳ ನಡಿಗೆಯಲ್ಲಿ ಅಳುಕಿರಲಿಲ್ಲ.