ನಡುಮನೆಗೆ ಜಮಖಾನ ಬೇಡ

ಮನೆ ರಿಪೇರಿ ಮಾಡಿಸಿದವರಿಗೆಲ್ಲ ಇದು ಗೊತ್ತು: ಕಂಟ್ರಾಕ್ಟರ್ ಬೆನ್ನು ತಿರುಗಿಸಿದ ಮೇಲೆಯೇ ಅವನ ಕೆಲಸ ಕಣ್ಣಿಗೆ ಬೀಳುವುದು. ಬೀದಿಯವರಿಗೆಲ್ಲ ಬಟ್ಟೆ ಹೊಲಿಯುವ ಟೈಲರಮ್ಮನ ಕಣ್ಣಿಗೆ ಅವನು ಎದುರಿಗಿದ್ದಾಗಲೇ ಬಿತ್ತು.

ನಡುಮನೆಯ ಮರದ ನೆಲ ಹಳೆಯದಾಗಿ ಸಿಬಿರು ಎದ್ದಿತ್ತು. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಅತ್ತೆ, ತಮ್ಮ ಮಗಳ ಮನೆಯಿಂದ ಸೋಮವಾರ ವಾಕರ್ ಹಿಡಿದು ಬರುವವರಿದ್ದರು. ಅದಕ್ಕೆಂದೇ ಹಲಗೆಗಳನ್ನು ಉಜ್ಜಿಸಿ ವಾರ್ನಿಶ್ ಹಾಕಿಸಿದ್ದು. ಮೂರು ದಿನದ ಕೆಲಸವನ್ನು ಕಂಟ್ರಾಕ್ಟರ್ ಒಂದೂವರೆ ದಿನದಲ್ಲಿ ಮುಗಿಸಿದ. ಕಾಲಿಟ್ಟರೆ ಅಂಗಾಲು ಪಚಪಚ ಅಂಟುತ್ತಿತ್ತು. ವಾರ್ನಿಶ್ ಒಳಗೆ ಮರದ ಪುಡಿ, ಬ್ರಶ್ಶಿನ ಕೂದಲು, ಒಂದು ಇರುವೆ ಶಾಶ್ವತವಾಗಿ ನೆಲೆಸಿದ್ದವು. ಬಾಗಿಲ ಬಳಿ ಉಜ್ಜುವ ಯಂತ್ರ ನಿಂತಲ್ಲಿ ಹಳ್ಳ, ಪಕ್ಕದಲ್ಲೇ ದಿಣ್ಣೆ.

“ಒಂದು ಜಮಖಾನ ಹಾಸ್ಕೊಂಡ್ಬಿಡಿ ಅಕ್ಕಾ, ಏನೂ ಕಾಣಲ್ಲ,” ಎಂದ ಕಂಟ್ರಾಕ್ಟರ್, ‘ಕೆಲಸ ತೃಪ್ತಿಕರವಾಗಿ ಮುಗಿದಿದೆ’ ಎಂಬ ಹಾಳೆ ಚಾಚುತ್ತ.

“ಜಮಖಾನದಲ್ಲಿ ವಾಕರ್ ಸಿಕ್ಕೊಂಡ್ರೆ ಮತ್ತೆ ಬೀಳ್ತಾರೆ, ಹಾಸಲೇಬೇಡಿ ಅಂತ ಡಾಕ್ಟರು ಹೇಳಿದಾರೆ. ನಿಮಗೂ ಮೊದಲೇ ಹೇಳಿದ್ದೆ.”

ಗಂಡ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ನಾನೂರು ಮಕ್ಕಳನ್ನು ಒಂದೇ ಸೀಟಿಯಲ್ಲಿ ನಿಲ್ಲಿಸುವವರು ಇಲ್ಲಿ ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದರು. “ಹೋಗ್ಲಿ ಬಿಡೆ. ನಮ್ಮ ಹೆಡ್‌ಮಾಸ್ಟರ ಭಾವಮೈದ. ನಾಳೆ ಮುಖ ನೋಡ್ಬೇಕಲ್ಲ.”

“ಅತ್ತೆ ಬಿದ್ರೆ ಎತ್ತೋಕೆ ಹೆಡ್‌ಮಾಸ್ಟರು ಬರ್ತಾರಾ?” ಆಕೆ ಪೆನ್ನು ಕಿತ್ತುಕೊಂಡು ತುರುಬಿಗೆ ಸಿಕ್ಕಿಸಿಕೊಂಡಳು. “ಸಹಿ ಆಗಲ್ಲ.”

“ಹಾಗಾದ್ರೆ ಇನ್ನು ಈ ಬೀದಿಗೆ ಯಾವ ಕೆಲಸದವನೂ ಬರಲ್ಲ, ನೋಡ್ತಿರಿ,” ಎಂದ ಕಂಟ್ರಾಕ್ಟರ್.

“ಬರದಿದ್ರೆ ನಾವೇ ಉಜ್ಕೋತೀವಿ. ಸಹಿ ಮಾತ್ರ ಆಗಲ್ಲ.”

ಅವನು ದುರದುರನೆ ಹೊರಟ. ಹೋಗುವಾಗ ಅವನ ಅಂಗಾಲೂ ಪಚಪಚ ಎಂದಿತು.

ಸದ್ದು ಕೇಳಿ ಎದುರುಮನೆಯ ಚೀಟಿಯಕ್ಕ ಬಂದರು. ಗ್ರಾಹಕರ ದೂರು ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು. ಹಾಲಿನವನಿಂದಲೂ ರಸೀದಿ ಕೇಳುತ್ತಾರೆಂದು ಬೀದಿ ಇಟ್ಟ ಹೆಸರದು.

“ಕರಾರು ಪತ್ರ ಎಲ್ಲಿ?”

“ಪರಿಚಯದವರು ಅಂತ ಬರೆಸ್ಕೊಳ್ಳಲಿಲ್ಲ,” ಎಂದರು ಮೇಷ್ಟ್ರು, ಹೋಂವರ್ಕ್ ಮಾಡದ ಹುಡುಗನಂತೆ.

“ಪರಿಚಯದವರಾದ್ರೇನೇ ಬರೆಸ್ಕೋಬೇಕು ಸ್ವಾಮಿ. ಬೇರೆಯವರನ್ನಾದ್ರೆ ಬೈಯೋಕಾದ್ರೂ ಬಾಯಿ ಬರುತ್ತೆ. ಫೋನಲ್ಲಿ ಮೆಸೇಜ್ ಇದೆಯಾ?”

“ಇದೆ. ‘ಮೂರು ಸಲ ಉಜ್ಜಿ ಎರಡು ಕೋಟು’ ಅಂತ ಅವನೇ ಕಳಿಸಿದ್ದು,” ಎಂದಳು ಟೈಲರಮ್ಮ.

“ಅದನ್ನ ಅಳಿಸ್ಬೇಡ. ಕೆಟ್ಟಿರೋ ಕಡೆಯೆಲ್ಲ ನಿನ್ನ ಟೇಪು ಇಟ್ಟು ಫೋಟೊ ತೆಗಿ, ತಾರೀಖು ಬರ್ಲಿ. ಆಮೇಲೆ ಕಾಗದ ಬರಿ. ಏನು ಒಪ್ಪಿದ್ದು, ಏನು ಕೆಟ್ಟಿದೆ, ಯಾವತ್ತಿನೊಳಗೆ ಸರಿ ಮಾಡ್ಬೇಕು. ಒಂದು ಪ್ರತಿ ನಿನ್ನ ಹತ್ರ ಇರ್ಲಿ. ಅವನಿಗೂ ಒಂದು ಅವಕಾಶ ಕೊಡ್ಬೇಕು. ಮಾಡ್ಲಿಲ್ವೋ, ಅದೇ ಕಾಗದ ಹಿಡ್ಕೊಂಡು ಗ್ರಾಹಕ ನ್ಯಾಯಾಲಯಕ್ಕೆ ಹೋಗೋಣ. ಬೈಗುಳ ಮಾತ್ರ ಒಂದೂ ಬೇಡ.”

“ಒಂದೂ ಬೇಡ್ವಾ?” ಟೈಲರಮ್ಮನಿಗೆ ನಿರಾಸೆಯಾಯಿತು. “ಮೂರು ಯೋಚಿಸಿಟ್ಟಿದ್ದೆ.”

ಮೇಷ್ಟ್ರು ಇನ್ನೂ ಹಿಂದೆಮುಂದೆ ನೋಡುತ್ತ ತಾಯಿಗೆ ಫೋನು ಹಚ್ಚಿ ವಿಷಯ ಹೇಳಿದರು. ಆ ಕಡೆಯಿಂದ ದನಿ ಸ್ಪಷ್ಟವಾಗಿಯೇ ಬಂತು. “ನಾನು ಇನ್ನೂ ಹತ್ತು ದಿನ ಇಲ್ಲೇ ಇರ್ತೀನಿ ಕಣೋ. ಮುರಿದಿರೋದು ನನ್ನ ಸೊಂಟ. ನೀನ್ಯಾಕೆ ಬಗ್ತೀಯ?”

ಕಾಗದವನ್ನು ಮೇಷ್ಟ್ರೇ ರಿಜಿಸ್ಟರ್ ಪೋಸ್ಟಿನಲ್ಲಿ ಹಾಕಿ ಬಂದರು. ಮೂರನೇ ದಿನ ಹೆಡ್‌ಮಾಸ್ಟರು ಕರೆಸಿ, “ಇಷ್ಟು ಸಣ್ಣ ವಿಷಯಾನ ಇಷ್ಟು ದೊಡ್ಡದು ಮಾಡ್ಬಾರ್ದಿತ್ತು,” ಎಂದರು.

“ನೀವೇ ಬನ್ನಿ ಸಾರ್. ಬರಿಗಾಲಲ್ಲಿ ಒಂದ್ಸಲ ನಡೆದು ನೋಡಿ, ಆಮೇಲೆ ಹೇಳಿ,” ಎಂದರು ಡ್ರಿಲ್ ಮೇಷ್ಟ್ರು.

ಹೆಡ್‌ಮಾಸ್ಟರು ಬರಲಿಲ್ಲ. ಐದನೇ ದಿನ ಭಾವಮೈದ ಬಂದ, ಯಂತ್ರದ ಸಮೇತ. ಪೂರ್ತಿ ನೆಲ ಮತ್ತೆ ಉಜ್ಜಿದ. ಟೈಲರಮ್ಮ ಮಂಡಿಯೂರಿ ಹಲಗೆ ಹಲಗೆಗೂ ಅಂಗೈ ಆಡಿಸಿದಳು. ತರಿ ಸಿಕ್ಕ ಎರಡು ಕಡೆ ಇನ್ನೊಮ್ಮೆ ಉಜ್ಜಿಸಿದಳು. ಎರಡು ಕೋಟು ವಾರ್ನಿಶ್ ಬಿದ್ದು ಒಣಗಿದ ಮೇಲೆಯೇ ಸಹಿ ಹಾಕಿದ್ದು.

ಹತ್ತನೇ ದಿನ ಅತ್ತೆ ಬಾಗಿಲಿನಿಂದ ಕಿಟಕಿಯವರೆಗೆ ನಡೆದರು. ಒಮ್ಮೆಯೂ ನೆಲ ನೋಡಲಿಲ್ಲ.

ಓದುತ್ತಿರುವವರೇ, ಒಪ್ಪಿದ್ದನ್ನು ಮೊದಲೇ ಬರೆಸಿಕೊಳ್ಳಿ, ಮಾಡುವವನು ಸ್ವಂತ ಅಳಿಯನಾದರೂ ಸರಿ. ಕೆಲಸ ಮುಗಿಯಿತು ಎಂದಾಗ ಚಪ್ಪಲಿ ಬಿಟ್ಟು ನಡೆಯಿರಿ, ಕೂತು ಮುಟ್ಟಿ ನೋಡಿ. ಕೆಟ್ಟಿದ್ದರೆ ಕೆಟ್ಟಿದೆ ಎಂದು ತಾರೀಖು ಹಾಕಿ ಬರೆಯಿರಿ. ದಾಕ್ಷಿಣ್ಯಕ್ಕೆ ಸಹಿ ಹಾಕುವವರು ನೀವೊಬ್ಬರೇ. ಆ ನೆಲದ ಮೇಲೆ ನಡೆಯಬೇಕಾದವರು ಮನೆಮಂದಿಯೆಲ್ಲ.