ನಾಲ್ಕನೇ ಸುತ್ತಿನ ಬಾವುಟ

ಹೆಂಗಸು ಕಾಲಿಟ್ಟರೆ ಕಾರಿಗೆ ಕೇಡು ಎಂದು ನಂಬುವ ಜಾಗ ಅದು. ಹಾಗಾಗಿ ಲಿಯೋಟಾ ಪಿಕೆಟ್ ಇಂಡಿಯಾನಾಪೊಲಿಸ್ ಟ್ರ್ಯಾಕಿನ ಗ್ಯಾರೇಜು ಸಾಲಿನ ಹೊರಗೆ, ತಂತಿ ಬೇಲಿಗೆ ಬೆರಳು ಸಿಕ್ಕಿಸಿಕೊಂಡು ನಿಂತಿದ್ದಳು. ಗಂಡ ಆರ್ಲೋ ಒಳಗಿದ್ದ. ಮದುವೆಯಾದಾಗಿನಿಂದ ಪ್ರತಿ ಮೇ ತಿಂಗಳೂ ಹೀಗೇ, ಅವನು ಬೇಲಿಯ ಆ ಕಡೆ, ಇವಳು ಈ ಕಡೆ. ಅವನು ಸತ್ತರೂ ಇವಳಿಗೆ ತಿಳಿಯುವುದು ಮೈಕಿನಲ್ಲಿ, ಮೂರು ಲಕ್ಷ ಜನರಿಗೆ ತಿಳಿದ ಹಾಗೆಯೇ.

ಅವಳ ತಮ್ಮ ವರ್ಲಿನ್ ಸ್ಟೌಡರ್ ಎಣ್ಣೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ಬೇಲಿಯ ಹತ್ತಿರ ಬಂದ. ಆರ್ಲೋನ ಕಾರಿಗೆ ಅವನೇ ಮೆಕ್ಯಾನಿಕ್.

"ಬೇಗ ಹೇಳು, ಕ್ಯೂ ಮುಂದಕ್ಕೆ ಹೋಗ್ತಿದೆ" ಅಂದ.

"ಅವನ ಕೈ ಹೇಗಿದೆ?"

"ಚೆನ್ನಾಗಿದೆ."

"ಸುಳ್ಳು ಬೊಗಳಬೇಡ. ನಿನ್ನ ಮೂಗು ಒರೆಸಿ ಬೆಳೆಸಿದೋಳು ನಾನು. ಬೆಳಿಗ್ಗೆ ಅವನ ಅಂಗಿ ಗುಂಡಿ ಯಾರು ಹಾಕಿದ್ದು ಗೊತ್ತಾ? ನಾನು. ಕಾಫಿ ಕಪ್ಪು ಎಡಗೈಲಿ ಹಿಡಿದು ಎರಡು ವರ್ಷ ಆಯ್ತು." ಅವಳು ದನಿ ತಗ್ಗಿಸಿದಳು. "ನಮ್ಮ ಟ್ರಕ್ಕಿನಲ್ಲಿ ಚರ್ಮದ ಚೂರುಗಳು ಬಿದ್ದಿದ್ವು. ಸ್ಟೀರಿಂಗಿಗೆ ಏನು ಹೊಲಿದು ಕೊಟ್ಟಿದೀಯ?"

ವರ್ಲಿನ್ ಹೊಲಿದು ಕೊಟ್ಟಿದ್ದು ನಿಜ. ಎರಡು ವರ್ಷದ ಹಿಂದೆ ಪೆನ್ಸಿಲ್ವೇನಿಯಾದ ಒಂದು ಮಣ್ಣಿನ ಟ್ರ್ಯಾಕಿನಲ್ಲಿ ಆರ್ಲೋನ ಎಡಗೈ ಬೆಂದು ಹೋಗಿತ್ತು. ಚರ್ಮ ಬಂತು, ಬೆರಳಿಗೆ ಮಡಚುವ ಶಕ್ತಿ ಬರಲಿಲ್ಲ. ಕೊನೆಯ ಮೂರು ಬೆರಳು ಒಣಗಿದ ಕಡ್ಡಿಯ ಹಾಗೆ ನೆಟ್ಟಗೆ ನಿಂತವು. ಟ್ರ್ಯಾಕಿನ ಡಾಕ್ಟರು ಕಣ್ಣು ನೋಡಿದ, ರಕ್ತದೊತ್ತಡ ನೋಡಿದ, "ಹೇಗಿದೀಯಪ್ಪ ಆರ್ಲೋ" ಎಂದು ಬಲಗೈ ಕುಲುಕಿದ, ಸಹಿ ಹಾಕಿದ. ಎಡಗೈ ಕುಲುಕುವವರು ಯಾರಿದ್ದಾರೆ? ಸ್ಟೀರಿಂಗಿಗೆ ಒಂದು ಚರ್ಮದ ಕುಣಿಕೆ ಹೊಲಿದು, ಆ ಮೂರು ಬೆರಳನ್ನು ಅದರೊಳಗೆ ತುರುಕಿದರೆ ಕೈ ಜಾರುವುದಿಲ್ಲ. ಕಾರಿಗೆ ಬೆಂಕಿ ಹತ್ತಿದರೆ ಮಾತ್ರ ಕೈ ಬಿಡಿಸಿಕೊಳ್ಳುವುದಕ್ಕೂ ಆಗುವುದಿಲ್ಲ. ಈ ಕಾರುಗಳು ಕುಡಿಯುವುದು ಆಲ್ಕೋಹಾಲು. ಅದರ ಬೆಂಕಿ ಬಿಸಿಲಿನಲ್ಲಿ ಕಾಣುವುದಿಲ್ಲ, ಒಳಗಿರುವ ಮನುಷ್ಯ ಒದ್ದಾಡುವುದು ಮಾತ್ರ ಕಾಣುತ್ತದೆ.

"ಅವನೇ ಕೇಳಿದ್ದು, ಹೊಲಿದೆ" ಅಂದ ವರ್ಲಿನ್.

"ನಾನೂ ಒಂದು ಕೇಳ್ತೀನಿ. ಹಳದಿ ಬಾವುಟ ನಿನ್ನ ಕೈಲಿ ತಾನೆ ಇರೋದು?"

ಅವನಿಗೆ ಅರ್ಥವಾಯಿತು. ಆ ಭಾನುವಾರ ಅರ್ಹತೆ ಓಟದ ಕೊನೆಯ ದಿನ. ರೇಸಿಗೆ ಮೂವತ್ಮೂರು ಕಾರು ಮಾತ್ರ. ಒಬ್ಬೊಬ್ಬರೇ ಹೋಗಿ ನಾಲ್ಕು ಸುತ್ತು ಹೊಡೆಯಬೇಕು, ಒಳಗಿರುವವರಲ್ಲಿ ಎಲ್ಲರಿಗಿಂತ ನಿಧಾನದವನನ್ನು ಮೀರಿಸಿದರೆ ಅವನು ಹೊರಗೆ, ನೀನು ಒಳಗೆ. ಸಂಜೆ ಆರಕ್ಕೆ ಬಂದೂಕು ಹಾರಿದರೆ ಮುಗಿಯಿತು. ವೇಗ ಸಾಲದು ಅನ್ನಿಸಿದರೆ ನಾಲ್ಕನೇ ಸುತ್ತು ಮುಗಿಯುವ ಮುಂಚೆ ತಂಡದವನು ಟ್ರ್ಯಾಕಿನ ಅಂಚಿನ ಗೋಡೆಯ ಬಳಿ ಹಳದಿ ಬಾವುಟ ಎತ್ತಬಹುದು. ಆಗ ಆ ಓಟ ರದ್ದು. ಒಂದು ಕಾರಿಗೆ ಮೂರೇ ಸಲ ಅವಕಾಶ, ಆ ಲೆಕ್ಕ ಕಾರಿಗೆ, ಡ್ರೈವರಿಗಲ್ಲ. ಆರ್ಲೋನ ಕಾರು ಒಂದನ್ನು ಎಣ್ಣೆ ಸೋರಿ ಕಳೆದುಕೊಂಡಿತ್ತು, ಇನ್ನೊಂದನ್ನು ಗಾಳಿಗೆ.

"ತಲೆ ಕೆಟ್ಟಿದೆಯಾ ನಿನಗೆ?" ಅಂದ. "ಇದು ಕೊನೇದು."

"ಅದಕ್ಕೇ ಹೇಳ್ತಿರೋದು. ನಾಲ್ಕು ಸುತ್ತು ಆ ಕೈಲಿ ಹೊಡೀತಾನೆ, ನನಗೆ ಗೊತ್ತು. ರೇಸಲ್ಲಿ ಐನೂರು ಮೈಲಿ? ನನಗೆ ಅವನು ಬೇಕು ಕಣೋ, ವರ್ಲಿನ್. ಬೈಕೊಂಡಾದ್ರೂ ಸರಿ, ಕುಡ್ಕೊಂಡಾದ್ರೂ ಸರಿ, ಮನೇಲಿ ಬಿದ್ದಿರಲಿ."

"ನೀನೇ ಹೇಳು ಅವನಿಗೆ."

"ಹೇಳಿದ್ರೆ ಬಿಟ್ಟು ಹೋಗ್ತಾನೆ. ರೇಸನ್ನಲ್ಲ, ನನ್ನ."

ವರ್ಲಿನ್ ತಿರುಗಿ ನಡೆದ. ಅವನಿಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಕೇಳಿದರೆ ಎಲ್ಲರ ಮೇಲೂ. ಈ ದಶಕವೇ ಹಾಗೆ ಬಂದಿತ್ತು. ಅರವತ್ತನೇ ಇಸವಿಯಲ್ಲಿ ಎಲ್ಲ ಕಾರಿಗೂ ಎಂಜಿನ್ನು ಮುಂದೆಯೇ ಇತ್ತು. ಸಮುದ್ರದಾಚೆಯವರು ಎಂಜಿನ್ನು ಹಿಂದೆ ಇಟ್ಟ, ಮೊಣಕಾಲೆತ್ತರದ ಕಾರುಗಳನ್ನು ತಂದರು, ಇಲ್ಲಿಯವರು ನಕ್ಕರು. ಆರೇ ವರ್ಷ. ಈಗ ಆರ್ಲೋನ ಕಾರಿನಂಥ ಉದ್ದ ಮೂತಿಯ ಹಳೇ ಕಾರು ಕ್ಯೂನಲ್ಲಿ ಬಂದರೆ ಜನ ತಾತನಿಗೆ ಬಸ್ಸಿನಲ್ಲಿ ಸೀಟು ಬಿಟ್ಟುಕೊಡುವ ಹಾಗೆ ಚಪ್ಪಾಳೆ ತಟ್ಟುತ್ತಿದ್ದರು. ಆ ಚಪ್ಪಾಳೆ ಕೇಳಿದರೆ ವರ್ಲಿನ್‌ಗೆ ಯಾರದಾದರೂ ಹಲ್ಲು ಉದುರಿಸಬೇಕು ಅನ್ನಿಸುತ್ತಿತ್ತು.

ಕಾರಿನ ಮಾಲೀಕ ಓಸ್ಟ್ರಾಂಡರ್ ಗೋಡೆಯ ಬಳಿ ಹ್ಯಾಟು ಹಿಂದಕ್ಕೆ ತಳ್ಳಿ ನಿಂತಿದ್ದ. ಮೆಕ್ಕೆಜೋಳದ ಬೀಜ ಮಾರಿ ದುಡ್ಡು ಮಾಡಿದವನು.

"ಬಂದ್ರಪ್ಪ ಪ್ರೊಫೆಸರ್ರು" ಅಂದ. "ಲೆಕ್ಕ ನೆನಪಿದೆಯಾ, ಇಲ್ಲ ಕಾಲ್ಬೆರಳು ಎಣಿಸೋಕೆ ಬೂಟು ಬಿಚ್ಚಬೇಕಾ?"

"ನೆನಪಿದೆ ಮಿಸ್ಟರ್ ಓಸ್ಟ್ರಾಂಡರ್."

ಎಂಟನೇ ಕ್ಲಾಸಿನಲ್ಲಿ ಲೆಕ್ಕದ ಮೇಷ್ಟ್ರು ಎಲ್ಲರೆದುರು 'ಮರದ ತಲೆ' ಎಂದು ಕರೆದ ದಿನ ವರ್ಲಿನ್ ಶಾಲೆ ಬಿಟ್ಟಿದ್ದ. ಬಿಟ್ಟವನು ನೇರ ಆರ್ಲೋನ ಶೆಡ್ಡಿಗೆ ಹೋಗಿದ್ದ. ಆರ್ಲೋ ಅವನ ಕೈಗೆ ಒಂದು ನಿಲುಗಡಿಯಾರ ಕೊಟ್ಟು, ಇಷ್ಟು ಸೆಕೆಂಡಿಗೆ ಇಷ್ಟು ವೇಗ ಎಂದು ದಿನಾ ಸಂಜೆ ಕೇಳುತ್ತಿದ್ದ. ತಪ್ಪಾದರೆ ಬೈಯಲಿಲ್ಲ, ಮತ್ತೆ ಕೇಳಿದ. ಈಗ ಗಡಿಯಾರದ ಮುಳ್ಳು ನಿಂತ ಕೂಡಲೇ ವೇಗ ವರ್ಲಿನ್‌ನ ಬಾಯಿಗೆ ತಾನಾಗಿ ಬರುತ್ತಿತ್ತು. ಅವನಿಗಿದ್ದ ಆಸ್ತಿ ಅದೊಂದೇ.

ಆರ್ಲೋ ಕಾರಿನೊಳಗೆ ಕೂತು ಎಡಗೈಯನ್ನು ಕುಣಿಕೆಗೆ ತೂರಿಸಿ, ಬಲಗೈಯಿಂದ ಎಳೆದು ಬಿಗಿ ಮಾಡಿಕೊಂಡ. ನಲವತ್ತೊಂದರ ಮುಖ, ಕಣ್ಣು ಮಾತ್ರ ಹದಿನೆಂಟರದು.

"ಏನೋ, ಸತ್ತವರ ಮನೆಗೆ ಬಂದ ಹಾಗೆ ನಿಂತಿದೀಯ" ಅಂದ. "ಸುತ್ತಿಗೆ ಐವತ್ತಾರೂವರೆ ಸೆಕೆಂಡು ತಾನೆ ಬೇಕಾಗಿರೋದು?"

"ಅದರ ಒಳಗೆ."

"ಒಳಗೇ ಕೊಡ್ತೀನಿ. ನೀನು ಗಡಿಯಾರ ನೋಡು, ನನ್ನ ನೋಡಬೇಡ."

ಕಾರು ಹೊರಟಿತು. ಎಂಜಿನ್ನು ಬೆಚ್ಚಗಾಗುವ ಸುತ್ತುಗಳು ಮುಗಿದು, ಸಿದ್ಧ ಎಂದು ಆರ್ಲೋ ಬಲಗೈ ಎತ್ತಿದ, ಓಟ ಶುರು ಎನ್ನುವ ಹಸಿರು ಬಾವುಟ ಹಾರಿತು. ಮೊದಲ ಸುತ್ತು ಒಳಗೇ ಬಂತು. ಎರಡನೆಯದು ಇನ್ನೂ ಚೆನ್ನಾಗಿತ್ತು. ಬೆಂಚುಗಳ ಮೇಲೆ ಜನ ಎದ್ದು ನಿಂತರು, ಈ ಸಲ ತಾತನಿಗೆ ತಟ್ಟುವ ಚಪ್ಪಾಳೆಯಲ್ಲ. ಮೂರನೇ ಸುತ್ತಿನ ಕೊನೆಯ ತಿರುವಿನಿಂದ ಹೊರಬರುವಾಗ ಕಾರಿನ ಹಿಂಭಾಗ ಗೋಡೆಯ ಕಡೆಗೆ ಸರಿಯಿತು. ಅದನ್ನು ಎಳೆದು ತರಲು ಒಬ್ಬ ಗಂಡಸಿಗೆ ಎರಡು ಕೈ ಬೇಕು. ಆರ್ಲೋ ಒಂದೂವರೆ ಕೈಯಲ್ಲಿ ಎಳೆದ. ಎಳೆಯುವಾಗ ಅವನ ಹೆಲ್ಮೆಟ್ಟು ಪೂರ್ತಿ ಬಲಕ್ಕೆ ವಾಲಿ, ಇಡೀ ಮೈ ಆ ಕುಣಿಕೆಗೆ ಜೋತು ಬಿದ್ದದ್ದು ವರ್ಲಿನ್‌ಗೆ ಕಾಣಿಸಿತು. ಬೇರೆ ಯಾರಿಗೂ ಕಾಣಿಸಲಿಲ್ಲ. ಯಾಕೆಂದರೆ ಅಲ್ಲಿ ಕುಣಿಕೆ ಇದೆ ಎಂದು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಗಡಿಯಾರದಲ್ಲಿ ಸಮಯ ಸಾಕಷ್ಟಿತ್ತು. ನಾಲ್ಕನೇ ಸುತ್ತಿನಲ್ಲಿ ಆರ್ಲೋ ಕೆಮ್ಮಿಕೊಂಡು ಬಂದರೂ ರೇಸಿನಲ್ಲಿ ಜಾಗ ಸಿಗುತ್ತಿತ್ತು. ಅಷ್ಟು ವರ್ಲಿನ್‌ಗೆ ಖಚಿತವಾಗಿ ಗೊತ್ತಿತ್ತು. ಹಳೇ ಕಾರು ನಾಲ್ಕನೇ ಸುತ್ತಿನ ಕೊನೆಯ ತಿರುವಿನಿಂದ ನೇರ ರಸ್ತೆಗೆ ಇಳಿಯಿತು, ಎಂಜಿನ್ನಿನ ಸದ್ದು ಎದೆಗೆ ಬಡಿಯಿತು, ವರ್ಲಿನ್‌ನ ಕೈ ಮೇಲೆ ಹೋಯಿತು. ಹಳದಿ ಬಾವುಟ.

ಮೈಕು ಹೇಳಿತು, ಓಟವನ್ನು ತಂಡವೇ ರದ್ದು ಮಾಡಿದೆ ಎಂದು. ಅದರ ಹಿಂದೆಯೇ ಮೂರು ಸುತ್ತಿನ ವೇಗಗಳನ್ನೂ ಓದಿತು. ಜನ ನಗಲು ಶುರು ಮಾಡಿದರು.

ಓಸ್ಟ್ರಾಂಡರ್ ಗಡಿಯಾರ ಕಿತ್ತುಕೊಂಡ. "ಇದು ಏನು? ಓದು. ಓದೋ."

ವರ್ಲಿನ್ ಓದಿದ.

"ಇದು ಐವತ್ತಾರೂವರೆಗಿಂತ ಕಮ್ಮಿನಾ ಜಾಸ್ತಿನಾ?"

ಹೇಳಬಹುದಾಗಿತ್ತು. ವರ್ಲಿನ್ "ತಪ್ಪಾಯ್ತು" ಅಂದ. "ಲೆಕ್ಕ ತಪ್ಪಿದೆ."

"ಕಮ್ಮಿ ಜಾಸ್ತಿ ಗೊತ್ತಿಲ್ದೇ ಇರೋ ದನಾನ ಆರ್ಲೋ ತಂದು ನನ್ನ ಗೋಡೆ ಹತ್ರ ನಿಲ್ಲಿಸಿದಾನೆ" ಎಂದು ಓಸ್ಟ್ರಾಂಡರ್ ಸುತ್ತಲಿದ್ದವರಿಗೆಲ್ಲ ಕೇಳುವಂತೆ ಹೇಳಿದ. "ಶಾಲೆಗೆ ಹೋಗೋ ವಯಸ್ಸಲ್ಲಿ ಶಾಲೆಗೆ ಹೋಗಿದ್ರೆ ಈ ಗತಿ ಬರ್ತಿರಲಿಲ್ಲ. ಹೋಗು, ನಿನ್ನ ಸಾಮಾನು ಪೆಟ್ಟಿಗೆ ಎತ್ಕೊಂಡು ಆಚೆ ಹೋಗು."

ಪಕ್ಕದ ತಂಡದ ಒಬ್ಬ ಎರಡೂ ಕೈಯ ಬೆರಳು ಎತ್ತಿ ಒಂದೊಂದಾಗಿ ಎಣಿಸಿ ತೋರಿಸಿದ. ವರ್ಲಿನ್ ಮುಷ್ಟಿಯನ್ನು ಜೇಬಿಗೆ ತುರುಕಿಕೊಂಡ.

ಅಷ್ಟರಲ್ಲಿ ಆರ್ಲೋ ಕಾರು ತಂದು ನಿಲ್ಲಿಸಿ ಇಳಿದ. ಅವನ ಮುಖ ಬಿಳಿಚಿಕೊಂಡಿತ್ತು. ವರ್ಲಿನ್ ಏಟಿಗೆ ಕಾದ, ಬರಲಿ ಎಂದು ಕಾದ. ಆರ್ಲೋ ಬಂದು ಅವನ ಹೆಗಲ ಮೇಲೆ ಬಲಗೈ ಹಾಕಿದ.

"ಬಿಡಿ ಅವನನ್ನ" ಎಂದು ಓಸ್ಟ್ರಾಂಡರ್‌ಗೆ ಹೇಳಿದ. "ಅವನಿಗೆ ಲೆಕ್ಕ ಕಲಿಸಿದೋನು ನಾನು. ಬೈಯೋದಾದ್ರೆ ನನ್ನ ಬೈಯಿರಿ." ಆಮೇಲೆ ವರ್ಲಿನ್‌ನ ಕಿವಿಯ ಹತ್ತಿರ, "ಆಗುತ್ತೆ ಬಿಡೋ. ನಾನು ಎಷ್ಟು ಗೋಡೆಗೆ ಗುದ್ದಿಲ್ಲ."

ಓಸ್ಟ್ರಾಂಡರ್‌ನ ಬೈಗುಳವನ್ನು ನುಂಗಿದ್ದ ವರ್ಲಿನ್‌ಗೆ ಈ ಮಾತು ನುಂಗಲಾಗಲಿಲ್ಲ. ಗ್ಯಾರೇಜಿಗೆ ಹೋಗಿ, ಬಾಗಿಲು ಹಾಕಿಕೊಂಡು, ಪೆಟ್ಟಿಗೆಗೆ ಒದ್ದ. ಇರಲಿ, ಮರದ ತಲೆಯಾದರೆ ಮರದ ತಲೆ. ಆರ್ಲೋ ಸೋಮವಾರ ಬದುಕಿರುತ್ತಾನೆ. ಮುಂದಿನ ಸೋಮವಾರವೂ ಬದುಕಿರುತ್ತಾನೆ. ಅಷ್ಟು ಸಾಕು.

ಬಾಗಿಲು ತೆರೆದು ಹೊರಗೆ ಬಂದಾಗ ಆರ್ಲೋ ಅಲ್ಲಿರಲಿಲ್ಲ. ಅವನ ಹೆಲ್ಮೆಟ್ಟೂ ಇರಲಿಲ್ಲ.

"ನಿಮ್ಮ ಭಾವ ಬೇರೆ ಕಾರು ಹಿಡಿದ" ಎಂದು ಟೈರು ಉರುಳಿಸುತ್ತಿದ್ದವನೊಬ್ಬ ನಗುತ್ತಾ ಹೇಳಿದ. "ಮೆರ್ಲ್ ವಾಸ್‌ದು. ಹಸಿರು ಬಣ್ಣದ್ದು. ಅದರ ಡ್ರೈವರು ಬೆಳಿಗ್ಗೆ ಕಾಲು ಮುರ್ಕೊಂಡನಲ್ಲ."

ವರ್ಲಿನ್ ಓಡಿದ. ಹಸಿರು ಕಾಲುಚೀಲವನ್ನೂ ಹಾಕದ ಮನುಷ್ಯ ಆರ್ಲೋ. ಈ ಟ್ರ್ಯಾಕಿನಲ್ಲಿ ಹಸಿರು ಎಂದರೆ ಸಾವು ಎಂದು ಎಲ್ಲರೂ ನಂಬಿದ್ದರು. ಆದರೆ ಅವನು ಓಡಿದ್ದು ಬಣ್ಣಕ್ಕಲ್ಲ. ಅದು ಹಿಂದೆ ಎಂಜಿನ್ನಿದ್ದ ಸಣ್ಣ ಕಾರು, ಆರ್ಲೋ ಜನ್ಮದಲ್ಲಿ ಅಂಥದ್ದರಲ್ಲಿ ಕೂತವನಲ್ಲ. ಅದರ ಸ್ಟೀರಿಂಗಿನಲ್ಲಿ ಕುಣಿಕೆ ಇಲ್ಲ. ತನ್ನ ಕೈಯಾರೆ ಜೋಡಿಸಿದ ಕಾರಿನಿಂದ ಇಳಿಸಿ, ಗೊತ್ತಿಲ್ಲದ ಪೆಟ್ಟಿಗೆಗೆ ಅವನನ್ನು ಹತ್ತಿಸಿದ್ದು ತಾನೇ.

ಹಸಿರು ಕಾರು ಕ್ಯೂನಲ್ಲಿ ಮೊದಲನೆಯದಾಗಿತ್ತು. ಆರು ಗಂಟೆಗೆ ಇನ್ನು ಸ್ವಲ್ಪವೇ ಉಳಿದಿತ್ತು. ಆರ್ಲೋ ಅದರೊಳಗೆ ಬೆನ್ನ ಮೇಲೆ ಮಲಗಿದಂತೆ ಕೂತಿದ್ದ. ಅದರ ಮಾಲೀಕ, ದಪ್ಪನೆಯ ವಾಸ್, ಬಗ್ಗಿ ಅವನಿಗೆ ಗೇರು ತೋರಿಸುತ್ತಿದ್ದ. ಬಿಳಿ ಅಂಗಿಯ ಅಧಿಕಾರಿ ಪಕ್ಕದಲ್ಲೇ ನಿಂತಿದ್ದ.

ವರ್ಲಿನ್ ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತ. "ಇಳಿ ಆರ್ಲೋ. ಇದರಲ್ಲಿ ಅದು ಇಲ್ಲ."

"ಗೊತ್ತು. ಸುಮ್ನಿರು."

"ಮೊದಲ ತಿರುವಿಗೇ ಕೈ ಜಾರುತ್ತೆ."

"ನೀನು ತಪ್ಪು ಮಾಡಿದೆ, ನಾನು ಒಂದು ಮಾತಾದ್ರೂ ಅಂದ್ನಾ?" ಆರ್ಲೋ ಮುಂದೆಯೇ ನೋಡುತ್ತಿದ್ದ. "ಈಗ ನೀನು ಬಾಯಿ ಮುಚ್ಕೊಂಡಿರು. ಇಬ್ಬರದೂ ಸರಿಹೋಗುತ್ತೆ."

"ಏನಂತೆ ಪ್ರೊಫೆಸರ್‌ದು?" ಅಂದ ವಾಸ್. "ಇಲ್ಲೂ ಬಾವುಟ ಹಿಡಿಯೋಕೆ ಬಂದನಾ?"

ಸುತ್ತ ನಿಂತವರು ನಕ್ಕರು. ವರ್ಲಿನ್ ಎದ್ದು ನಿಂತ.

"ನಾನು ಲೆಕ್ಕ ತಪ್ಪಿಲ್ಲ" ಅಂದ. ದನಿ ಅವನಿಗೇ ಗೊತ್ತಿಲ್ಲದಷ್ಟು ಎತ್ತರದಲ್ಲಿತ್ತು. "ಮೂರು ಸುತ್ತೂ ನನಗೆ ಬಾಯಲ್ಲಿದೆ. ಗೊತ್ತಿದ್ದೇ ಎತ್ತಿದೆ. ಅವನ ಎಡಗೈ ಸತ್ತುಹೋಗಿದೆ. ಆ ಕಾರಲ್ಲಿ ಚರ್ಮದ ಕುಣಿಕೆಗೆ ಕಟ್ಕೊಂಡು ಓಡಿಸ್ತಿದ್ದ. ಹೋಗಿ ನೋಡಿ, ಸ್ಟೀರಿಂಗಿನಲ್ಲೇ ಇದೆ."

ನಗು ನಿಂತಿತು. ವಾಸ್ ಮೆಲ್ಲಗೆ ಬೆನ್ನು ನೆಟ್ಟಗೆ ಮಾಡಿದ. ಅಧಿಕಾರಿ ಕಾರಿನ ಹತ್ತಿರ ಬಂದು ಕೈ ಚಾಚಿದ.

"ಎಡಗೈ ಕೊಡು ಆರ್ಲೋ. ನನ್ನ ಕೈ ಗಟ್ಟಿಯಾಗಿ ಹಿಡಿ. ಅಷ್ಟೇ."

ಆರ್ಲೋ ಆ ಕೈಯನ್ನು ನೋಡಿದ. ಆಮೇಲೆ ವರ್ಲಿನ್‌ನ ಮುಖ ನೋಡಿದ. ತಪ್ಪು ಮಾಡಿದವನನ್ನು ಕ್ಷಮಿಸಿದ್ದ ಕಣ್ಣು ಅದು. ಈಗ ಅದರಲ್ಲಿ ಅಂಥದ್ದೇನೂ ಉಳಿದಿರಲಿಲ್ಲ. ಕೈ ಕೊಡಲಿಲ್ಲ. ಬಲಗೈಯಿಂದ ಬೆಲ್ಟು ಬಿಚ್ಚಿ, ಬಲಗೈ ಊರಿ ಎದ್ದು, ಹಸಿರು ಕಾರಿನಿಂದ ಹೊರಗೆ ಕಾಲಿಟ್ಟ. ಯಾರೂ ಸಹಾಯಕ್ಕೆ ಬರಲಿಲ್ಲ. ಅವನು ಗ್ಯಾರೇಜು ಸಾಲನ್ನು ದಾಟಿ ಹೋಗುತ್ತಿರುವಾಗ ಹಿಂದೆ ಬಂದೂಕು ಹಾರಿತು.

ವರ್ಲಿನ್ ಹತ್ತು ಮಾರು ಹಿಂದೆ ನಡೆದ. ಜೀವ ಉಳಿಸುವುದಕ್ಕೆ ಹೇಳಿದೆನೋ, ಅವರ ನಗು ತಡೆಯಲಾರದೆ ಹೇಳಿದೆನೋ ಎಂದು ತನ್ನನ್ನೇ ಕೇಳಿಕೊಂಡ. ಕೇಳಿಕೊಂಡದ್ದಕ್ಕೂ ಸಿಟ್ಟು ಬಂತು.

ಲಿಯೋಟಾ ಟ್ರಕ್ಕಿನ ಬಳಿ ಇದ್ದಳು. "ಏನಾಯ್ತು?" ಎಂದಳು, ಏನೂ ಗೊತ್ತಿಲ್ಲದವಳ ಹಾಗೆ.

"ನಿನ್ನ ತಮ್ಮನ್ನ ಕೇಳು" ಅಂದ ಆರ್ಲೋ. "ಬೇಕಂತಲೇ ಎತ್ತಿದನಂತೆ. ಇವನ ತಲೇಲಿ ಇದು ಎಲ್ಲಿಂದ ಬಂತು ಅಂತ ಕೇಳು."

ಅವಳು ವರ್ಲಿನ್‌ನನ್ನು ನೋಡಿದಳು. ಅವನು ಕಾದ. ನಾನೇ ಕೇಳಿಕೊಂಡಿದ್ದು ಎಂದು ಅವಳು ಒಂದು ಮಾತು ಹೇಳಿದರೆ ಸಾಕಿತ್ತು. ಅವಳು ಚೀಲಕ್ಕೆ ಕೈ ಹಾಕಿ ಕೀಲಿ ತೆಗೆದಳು.

"ಇವನು ಟ್ರಕ್ಕು ಹತ್ತೋದು ಬೇಡ" ಅಂದ ಆರ್ಲೋ. "ಇವತ್ತೂ ಬೇಡ, ಇನ್ನು ಯಾವತ್ತೂ ಬೇಡ."

"ಆಯ್ತು" ಅಂದಳು ಲಿಯೋಟಾ.

ಆರ್ಲೋ ಆ ಕಡೆಯ ಬಾಗಿಲು ತೆರೆದು ಕೂತ, ಅವಳು ಸ್ಟೀರಿಂಗು ಹಿಡಿದಳು. ಗೇಟು ದಾಟಿ ರಸ್ತೆಗೆ ಇಳಿಯುತ್ತಲೇ ಟ್ರಕ್ಕು ನಿಂತುಬಿಟ್ಟಿತು. ಸಂಜೆಯ ಜನವೆಲ್ಲ ಒಟ್ಟಿಗೆ ಹೊರಟು ಹದಿನಾರನೇ ಬೀದಿ ಕಟ್ಟಿಕೊಂಡಿತ್ತು. ಪೆಟ್ಟಿಗೆ ಹೊತ್ತು ನಿಂತ ಕಾರುಗಳ ನಡುವೆ ನಡೆದು ಬಂದ ವರ್ಲಿನ್ ಸರಿಯಾಗಿ ಅಕ್ಕನ ಕಿಟಕಿಯ ಪಕ್ಕಕ್ಕೇ ಬಂದು ಸೇರಿದ. ಗಾಜು ಇಳಿದಿತ್ತು. ಕೈ ಚಾಚಿದರೆ ಅಕ್ಕನ ಭುಜ ಸಿಗುತ್ತಿತ್ತು. ಒಳಗಿನ ಇಬ್ಬರೂ ಮುಂದಿನ ಕಾರಿನ ಬೆನ್ನನ್ನೇ ನೋಡುತ್ತಾ ಕೂತಿದ್ದರು. ಜನಜಂಗುಳಿ ಅವನನ್ನೂ ಮುಂದೆ ಬಿಡಲಿಲ್ಲ. ಹಾರ್ನುಗಳು ಕೂಗುತ್ತಿದ್ದವು. ಅವನು ಪೆಟ್ಟಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು, ರಸ್ತೆ ಬಿಡುವುದನ್ನು ಕಾಯುತ್ತಾ ಅಲ್ಲೇ ನಿಂತ.