ಬೆಳ್ಳಕ್ಕನ ಸ್ನಾನ

ಗಂಡನಿಗೆ ಕೋಳಿಯ ಹುಚ್ಚು ಹಿಡಿದು ಮೂವತ್ತು ವರ್ಷವಾಗಿತ್ತು. ಆ ಹುಚ್ಚನ್ನು ಬೈಯಲು ಶುರುಮಾಡಿ ಹೆಂಡತಿಗೂ ಅಷ್ಟೇ ವರ್ಷವಾಗಿತ್ತು. ಮೊಟ್ಟೆಗಲ್ಲ, ಮಾಂಸಕ್ಕಲ್ಲ, ಪ್ರದರ್ಶನದಲ್ಲಿ ಪಂಜರದೊಳಗೆ ನಿಲ್ಲಿಸಿ ನಾಲ್ಕು ಜನ 'ಆಹಾ' ಅನ್ನಲಿ ಎಂದು ಕೋಳಿ ಸಾಕುವ ಗಂಡಸನ್ನು ಕಟ್ಟಿಕೊಂಡವಳ ಪಾಡು ಶತ್ರುವಿಗೂ ಬೇಡ ಎಂದು ಅವಳು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದಳು. "ನಂಗೆ ಸವತಿ ಒಬ್ಬಳಲ್ಲ, ಹನ್ನೆರಡು. ಹನ್ನೆರಡಕ್ಕೂ ಕೊಕ್ಕಿದೆ" ಎನ್ನುವಳು. ಕೇಳಿದವರು ನಗುತ್ತಿದ್ದರು. ಗಂಡನೂ ನಗುತ್ತಿದ್ದರು.

ಬೀದಿಯವರೆಲ್ಲ ಅವರನ್ನು ವಾಚ್ ಮಾಸ್ಟರು ಎಂದೇ ಕರೆಯುತ್ತಿದ್ದರು. ಬಸ್ ನಿಲ್ದಾಣದ ಎದುರು ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಂಥ ವಾಚ್ ರಿಪೇರಿ ಗೂಡಂಗಡಿ. ಬಲಗಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು, ಕೂದಲಿಗಿಂತ ತೆಳುವಾದ ಸ್ಪ್ರಿಂಗುಗಳನ್ನು ಚಿಮಟದಲ್ಲಿ ಎತ್ತಿ ಕೂರಿಸುತ್ತಿದ್ದರು. ಎರಡು ವರ್ಷದ ಹಿಂದೆ ಡಾಕ್ಟರು ಕಣ್ಣಿನ ನರ ಒಣಗುತ್ತಿದೆ ಎಂದರು. ಮೊದಲು ನೋಟದ ಅಂಚು ಹೋಯಿತು, ಆಮೇಲೆ ನಡುಭಾಗ. ಅಂಗಡಿ ಮುಚ್ಚಿದರು. ಒಂದೊಂದೇ ಕೋಳಿಯನ್ನು ಕೋಳಿ ಸಾಕುವವರ ಸಂಘದ ಗೆಳೆಯರಿಗೆ ಕೊಟ್ಟರು. ಕೊನೆಗೆ ಉಳಿದವು ಎರಡು ಬಿಳಿ ಹೇಂಟೆಗಳು, ಒಂದೇ ಕಾವಿನಲ್ಲಿ ಹೊರಬಂದ ಅಕ್ಕತಂಗಿಯರು. ಅಕ್ಕನ ಹೆಸರು ಬೆಳ್ಳಕ್ಕ. ತಂಗಿಗೆ ಹೆಸರಿಡುವ ಉಮೇದು ಅವರಿಗೆ ಉಳಿದಿರಲಿಲ್ಲ. ಬರೀ 'ಸಣ್ಣದು' ಎನ್ನುತ್ತಿದ್ದರು.

"ಬೆಳ್ಳಕ್ಕ ಹಳದಿ ತುಪ್ಪಳ ಕಳಚಿ ಬಿಳಿ ಗರಿ ಹೊದ್ದಿದ್ದನ್ನ ಕಣ್ಣಾರೆ ನೋಡಿದೀನಿ ಕಣೇ" ಎಂದು ಮಾಸ್ಟರು ಒಮ್ಮೆ ಹೇಳಿದ್ದರು. "ಅದಾದ ಮೇಲೆ ನಾನು ಏನನ್ನೂ ಸರಿಯಾಗಿ ನೋಡಿಲ್ಲ."

ಆ ಮಾತಿಗೆ ಅವಳು ಎಂದಿನಂತೆ ಕುಟುಕಲಿಲ್ಲ. ಒಳಗೆ ಹೋಗಿ ಪಾತ್ರೆ ತೊಳೆದಳು.

ದಿನಾ ಬೆಳಗ್ಗೆ ಅರ್ಧ ಗಂಟೆ ಬೆಳ್ಳಕ್ಕ ಅವರ ತೊಡೆಯ ಮೇಲೆ. ಎದೆಯ ಕೆಳಗೆ ಅಂಗೈ, ಬೆರಳ ಸಂದಿಯಲ್ಲಿ ಎರಡು ಕಾಲು. ರೆಕ್ಕೆ ಬಿಡಿಸುವುದು, ಮಡಿಸುವುದು, ಜುಟ್ಟು ಸವರುವುದು, ಎದೆಮೂಳೆಯ ಉದ್ದಕ್ಕೂ ಬೆರಳು ಎಳೆಯುವುದು. ಪ್ರದರ್ಶನದಲ್ಲಿ ತೀರ್ಪುಗಾರ ಹೀಗೆಯೇ ಎತ್ತಿ ನೋಡುವಾಗ ಹಕ್ಕಿ ಬೆದರಬಾರದಲ್ಲ, ಅದಕ್ಕೆ ಈ ಅಭ್ಯಾಸ. ಸಂಘದವರು ಮಾತ್ರ ಕುರುಡ ಹೇಗೆ ಪ್ರದರ್ಶನದ ಕೋಳಿ ಸಾಕಿಯಾನು ಎಂದು ಆಡಿಕೊಳ್ಳಲು ಶುರುಮಾಡಿದ್ದರು. ಹಳೆಯ ಎದುರಾಳಿ, ಹಳೆಯ ಗೆಳೆಯ ಎರಡೂ ಆದ ಬೇಕರಿಯವನು ಮನೆಗೇ ಬಂದು, "ಮಾಸ್ಟ್ರೇ, ಇನ್ನು ಸಾಕು ಬಿಡಿ. ಮರ್ಯಾದೆಯಾಗಿ ನಿಲ್ಲಿಸಿಬಿಡೋಣ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆದರೆ ಒಳ್ಳೆಯ ಮನಸ್ಸಿನ ಮಾತೇ ಹೆಚ್ಚು ಆಳಕ್ಕೆ ಇಳಿಯುವುದು. ಬೆಳ್ಳಕ್ಕನನ್ನು ಒಂದು ಸಲ ಪ್ರದರ್ಶನದಲ್ಲಿ ನಿಲ್ಲಿಸುತ್ತೇನೆ, ಆಮೇಲೆ ಪಂಜರವನ್ನೇ ಗುಜರಿಗೆ ಹಾಕುತ್ತೇನೆ ಎಂದು ಮಾಸ್ಟರು ಹಟ ಹಿಡಿದರು.

ಪ್ರದರ್ಶನ ಭಾನುವಾರ. ಹಿಂದಿನ ದಿನ ಹಕ್ಕಿಗೆ ಸ್ನಾನ ಮಾಡಿಸಬೇಕು. ಮೂವತ್ತು ವರ್ಷವೂ ಅದು ಮಾಸ್ಟರದೇ ಕೆಲಸ. ಅವಳನ್ನು ಟಬ್ಬಿನ ಹತ್ತಿರವೂ ಬಿಟ್ಟುಕೊಂಡವರಲ್ಲ. ಈ ಸಲ ಶನಿವಾರ ಬೆಳಗ್ಗೆ ಕಾಫಿ ಲೋಟ ಕೆಳಗಿಟ್ಟು, ಮುಖ ಬೇರೆ ಕಡೆ ತಿರುಗಿಸಿ, "ನೀನೇ ತೊಳೀತೀಯಾ?" ಎಂದರು. "ಕೊಳೆ ಹೋಯ್ತೋ ಇಲ್ವೋ ಕೈಗೆ ಗೊತ್ತಾಗಲ್ಲ. ಬಿಳುಪು ಕಣ್ಣಿನ ಕೆಲಸ."

"ಅಯ್ಯೋ, ಸವತಿಗೆ ಸೋಪು ಹಚ್ಚೋ ಭಾಗ್ಯ!" ಎಂದು ಅವಳು ರಾಗ ತೆಗೆದಳು. ನಿಜ ಹೇಳಬೇಕೆಂದರೆ ಅವಳಿಗೆ ಹಿಗ್ಗು ತಡೆಯಲಾಗಿರಲಿಲ್ಲ.

ಮಾಸ್ಟರು ಎರಡೆರಡು ಸಲ ಹೇಳಿಕೊಟ್ಟರು. ಮೂರು ಟಬ್ಬು, ಮೂರರಲ್ಲೂ ಉಗುರುಬೆಚ್ಚಗಿನ ನೀರು. ಮೊದಲನೆಯದರಲ್ಲಿ ಸೋಪು. ಎರಡನೆಯದರಲ್ಲಿ ಸೋಪಿನ ಜಿಡ್ಡು ಬಿಡಿಸಲು ಒಂದು ಮುಚ್ಚಳ ವಿನೆಗರ್. ಮೂರನೆಯದರಲ್ಲಿ ಬಿಳಿ ಬಟ್ಟೆಗೆ ಹಾಕುವ ನೀಲಿ, ನಾಲ್ಕೇ ಹನಿ. "ಇನ್ನೊಂದು ಮಾತು. ಬೆಚ್ಚಗಿನ ನೀರಲ್ಲಿ ಅದಕ್ಕೆ ಜೋಂಪು ಹತ್ತುತ್ತೆ. ಕೂತಲ್ಲೇ ನಿದ್ದೆ ಮಾಡುತ್ತೆ. ಗದ್ದದ ಕೆಳಗಿನ ಕೈ ಮಾತ್ರ ತೆಗೀಬೇಡ. ಮನೆಗೆ ಬೆಂಕಿ ಬಿದ್ರೂ ತೆಗೀಬೇಡ."

"ಬೆಂಕಿ ಬಿದ್ರೆ ನೀರಂತೂ ಪಕ್ಕದಲ್ಲೇ ಇರುತ್ತಲ್ಲ" ಎಂದಳು ಅವಳು.

ಹತ್ತು ಗಂಟೆಗೆ ಬೇಕರಿಯವನು ಬಂದು ಮಾಸ್ಟರನ್ನು ಕ್ಷೌರಕ್ಕೆ ಕರೆದುಕೊಂಡು ಹೋದ. ಪ್ರತಿ ಪ್ರದರ್ಶನದ ಹಿಂದಿನ ದಿನವೂ ಹಾಗೆಯೇ, ಕೋಳಿಗೆ ಸ್ನಾನ, ಸಾಕಿದವನಿಗೆ ಕ್ಷೌರ.

ಮೊದಲ ಟಬ್ಬು ಚೆನ್ನಾಗಿ ನಡೆಯಿತು. ನೊರೆಯೊಳಗೆ ಬೆಳ್ಳಕ್ಕ ಬೆಕ್ಕಿಗಿಂತ ಸಣ್ಣದಾಗಿ, ಬಡಕಲಾಗಿ ಕಂಡಿತು. "ಇಷ್ಟೇನಾ ನೀನು? ಇಷ್ಟಕ್ಕಾ ಇಷ್ಟೊಂದು ಮೆರೆದಿದ್ದು?" ಎಂದು ಅವಳು ಅದಕ್ಕೆ ಬೈದಳು. ಎರಡನೆಯ ಟಬ್ಬಿನಲ್ಲಿ ಅದು ಕತ್ತನ್ನು ಅವಳ ಅಂಗೈಗೆ ಒರಗಿಸಿತು. ಮೂರನೆಯದರಲ್ಲಿ ಕೆಳಗಿನಿಂದ ಮೇಲಕ್ಕೆ ರೆಪ್ಪೆ ಮುಚ್ಚಿ ನಿದ್ದೆಹೋಯಿತು. ಅಂಗೈಯಲ್ಲಿ ಅದರ ಗದ್ದದ ಬಿಸಿ. ಮೂವತ್ತು ವರ್ಷ ಈ ಸುಖವನ್ನು ಈ ಮನುಷ್ಯ ಒಬ್ಬನೇ ಬಚ್ಚಿಟ್ಟುಕೊಂಡಿದ್ದನಲ್ಲ ಎಂದು ಅವಳಿಗೆ ಅನ್ನಿಸಿತು.

ಆಗ ಅಡುಗೆಮನೆಯಲ್ಲಿ ಫೋನು ಹೊಡೆದುಕೊಂಡಿತು. ನಿಂತಿತು. ಮತ್ತೆ ಹೊಡೆದುಕೊಂಡಿತು. ಜ್ವರ ಬಂದು ಆಸ್ಪತ್ರೆ ಸೇರಿದ್ದ ತನ್ನ ತಂಗಿಯದಿರಬಹುದು ಎಂದು ಅವಳಿಗೆ ಗಾಬರಿಯಾಯಿತು. ಬೆಳ್ಳಕ್ಕ ಅಲ್ಲಾಡದೆ ಕೂತಿತ್ತು. ಅವಳು ಅದರ ತಲೆಯನ್ನು ಟಬ್ಬಿನ ಅಂಚಿಗೆ ಮೆಲ್ಲಗೆ ಒರಗಿಸಿಟ್ಟು ಓಡಿದಳು.

ತಂಗಿಯದೇ ಫೋನು. ಇಂದು ಮನೆಗೆ ಕಳಿಸುತ್ತಾರಂತೆ, ಜ್ವರ ಪೂರ್ತಿ ಬಿಟ್ಟಿದೆಯಂತೆ. ಎರಡು ನಿಮಿಷವೂ ಆಗಿರಲಿಲ್ಲ. ನೆಮ್ಮದಿಯ ಉಸಿರು ಬಿಡುತ್ತ ಬಂದು ನೋಡಿದರೆ ಕತ್ತು ಅಂಚಿನಿಂದ ಜಾರಿತ್ತು. ಬೆಳ್ಳಕ್ಕನ ಕೊಕ್ಕು ನೀಲಿ ನೀರಿನಲ್ಲಿ ಮುಳುಗಿತ್ತು.

ಅವಳು ಅದನ್ನು ತಲೆಕೆಳಗಾಗಿ ಹಿಡಿದು ನೀರು ಇಳಿಸಿದಳು. ಎದೆ ಒತ್ತಿದಳು. ಕೊಕ್ಕಿಗೆ ಬಾಯಿಟ್ಟು ಊದಿದಳು. "ಏಳೇ, ಏಳೇ ತಾಯಿ" ಎಂದಳು. ನೂರು ಸಲವಾದರೂ ಅವಳು 'ಈ ಕೋಳಿಗಳು ಸತ್ತ ದಿನ ನಂಗೆ ನೆಮ್ಮದಿ' ಎಂದಿದ್ದಳು, ಗಂಡನ ಎದುರಿಗೇ ಎಂದಿದ್ದಳು. ಈಗ ಯಾರು ನಂಬುತ್ತಾರೆ? ಬೇಕೆಂದೇ ಕೈ ತೆಗೆದಳು ಎನ್ನುವುದಿಲ್ಲವೇ? ಅವರು ಬಾಯಿಬಿಟ್ಟು ಅನ್ನಲಾರರು, ಮನಸ್ಸಿನಲ್ಲಿ ಅಂದುಕೊಳ್ಳಬಹುದು.

ಬೀದಿಯಲ್ಲಿ ಕಸದ ಗಾಡಿಯ ಗಂಟೆ ಕೇಳಿಸಿತು. ಮುಂದಿನದು ಅವಳು ಮಾಡಿದ್ದೋ, ಅವಳ ಕೈ ಮಾಡಿದ್ದೋ. ಹಳೆಯ ಪೇಪರಿನಲ್ಲಿ ಸುತ್ತಿದಳು, ಚೀಲಕ್ಕೆ ಹಾಕಿದಳು, ಗೇಟಿನಾಚೆ ಕೈಚಾಚಿದಳು. ಗಾಡಿ ಮುಂದೆ ಹೋಯಿತು.

ಆಮೇಲೆ ಗೂಡಿನಿಂದ ಸಣ್ಣದನ್ನು ಹಿಡಿದು ತಂದಳು. ಅವಳ ಕಣ್ಣಿಗೆ ಎರಡೂ ಒಂದೇ. ಅದೇ ಬಿಳುಪು, ಅದೇ ಕೆಂಪು ಜುಟ್ಟು, ಅದೇ ಹಳದಿ ಕಾಲು. ಮೂರು ಟಬ್ಬಿಗೂ ಹೊಸ ನೀರು ತುಂಬಿ ತೊಳೆದಳು. ಈ ಸಲ ಬೆಂಕಿ ಬಿದ್ದಿದ್ದರೂ ಕೈ ತೆಗೆಯುತ್ತಿರಲಿಲ್ಲ. ಹೇರ್ ಡ್ರೈಯರ್ ಹಿಡಿದು ಗರಿ ಗರಿಯನ್ನೂ ಒಣಗಿಸುತ್ತಿದ್ದಾಗ ಮಾಸ್ಟರು ಬಂದರು. ಹೊಸ ಕ್ಷೌರದಲ್ಲಿ ಅವರ ಕಿವಿಗಳು ದೊಡ್ಡದಾಗಿ ಕಾಣುತ್ತಿದ್ದವು.

"ಕೊಡು ಇಲ್ಲಿ" ಎಂದು ಕೂತು ಕೈಚಾಚಿದರು.

ಕೊಟ್ಟಳು. ಅಂಗೈ ಎದೆಯ ಕೆಳಗೆ ಹೋಯಿತು. ರೆಕ್ಕೆ ಬಿಡಿಸಿದರು, ಮಡಿಸಿದರು. ಎದೆಮೂಳೆಯ ಉದ್ದಕ್ಕೂ ಬೆರಳು ಎಳೆದರು. ಇನ್ನೊಮ್ಮೆ ಎಳೆದರು.

"ಚೆನ್ನಾಗಿ ತೊಳೆದಿದೀಯ" ಎಂದರು ಮಾಸ್ಟರು.

"ರೀ, ಗೂಡಿನ ಬಾಗಿಲು ತೆರೆದೇ ಇತ್ತು. ಸಣ್ಣದು ಗೋಡೆ ಹಾರಿ ಎಲ್ಲೋ ಹೋಗ್ಬಿಟ್ಟಿದೆ."

"ಹೌದಾ" ಎಂದರು. "ಹೋಗ್ಲಿ ಬಿಡು."

ಒಂದು ಮರಿ ಕಾಣೆಯಾದರೆ ಬೀದಿ ಬೀದಿ ಹುಡುಕುತ್ತಿದ್ದ ಮನುಷ್ಯ 'ಹೋಗ್ಲಿ ಬಿಡು' ಎಂದಾಗಲೇ ಅವಳಿಗೆ ತಿಳಿಯಬೇಕಿತ್ತು. ಗೆದ್ದೆನೆಂಬ ಸಮಾಧಾನದಲ್ಲಿದ್ದವಳಿಗೆ ಎಲ್ಲಿ ತಿಳಿಯಬೇಕು?

ಭಾನುವಾರ ಮಾಸ್ಟರು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬೇಕರಿಯವನ ವ್ಯಾನಿನಲ್ಲಿ ಕೂತರು. ಪಕ್ಕದಲ್ಲಿ ಅವಳೂ ಕೂತಳು. ಸಭಾಂಗಣದಲ್ಲಿ ಸಾಲು ಸಾಲು ಪಂಜರ, ಮರದ ಹೊಟ್ಟಿನ ವಾಸನೆ, ಮುನ್ನೂರು ಹುಂಜಗಳ ಕೂಗು. ಅವಳು ಒದ್ದೆ ಬಟ್ಟೆಯಿಂದ ಹೇಂಟೆಯ ಕಾಲುಗಳನ್ನು ಒರೆಸಿ, ಜುಟ್ಟಿಗೆ ಒಂದು ತೊಟ್ಟು ಎಣ್ಣೆ ಸವರಿ ಪಂಜರದೊಳಗೆ ಬಿಟ್ಟಳು. ಬಿಳುಪಂತೂ ಕಣ್ಣು ಕುಕ್ಕುವಂತಿತ್ತು. ನೋಡಿದವರು ನಿಂತು ನೋಡಿದರು. ಗೆದ್ದೇ ಗೆಲ್ಲುತ್ತದೆ ಎಂದು ಅವಳಿಗೆ ಆಸೆ ಹುಟ್ಟಿತು. ಗೆದ್ದರೆ ತನ್ನ ತಪ್ಪು ಅರ್ಧವಾದರೂ ತೊಳೆದುಹೋಗುತ್ತದೆ ಎಂದುಕೊಂಡಳು.

ಬಿಳಿ ಕೋಟಿನ ತೀರ್ಪುಗಾರ ಬಂದ. ಹೊರಗೆ ತೆಗೆದ. ರೆಕ್ಕೆ ನೋಡಿ ತಲೆದೂಗಿದ. ಎದೆಯ ಕೆಳಗೆ ಬೆರಳಿಟ್ಟವನು ಅಲ್ಲೇ ನಿಂತ. ಮಾಸ್ಟರ ಮುಖ ನೋಡಿದ, ಹಕ್ಕಿಯನ್ನು ಒಳಗೆ ಬಿಟ್ಟ, ಚೀಟಿಯಲ್ಲಿ ಏನೋ ಗೀಚಿ ಮುಂದೆ ನಡೆದ.

ಬೇಕರಿಯವನು ಚೀಟಿ ಓದಿ ಹುಬ್ಬುಗಂಟಿಕ್ಕಿದ. "ಎದೆಮೂಳೆ ಸೊಟ್ಟ ಅಂತೆ! ಪಂಜರದಲ್ಲಿ ನಿಲ್ಲಿಸೋಕೇ ಲಾಯಕ್ಕಿಲ್ಲ ಅಂತ ಬರೆದಿದಾನೆ. ಏನ್ ಮಾಸ್ಟ್ರೇ ಇದು? ನಿನ್ನೆ ಮೊನ್ನೆ ಕೋಳಿ ಸಾಕಿದವನೂ ಮೊದಲು ಮುಟ್ಟಿ ನೋಡೋದು ಅದನ್ನೇ ಅಲ್ವಾ?"

ಹಿಂದೆ ಯಾರೋ, "ಕಣ್ಣು ಹೋಯ್ತು ಅಂದ್ಕೊಂಡಿದ್ವಿ, ಪಾಪ, ಕೈನೂ ಹೋಗಿದೆ" ಎಂದು ಪಿಸುಗುಟ್ಟಿದರು. ಅದು ಮಾಸ್ಟರಿಗೂ ಕೇಳಿಸಿತು. ಒಂದೇ ಒಂದು ಮಾತು ಆಡಿದ್ದರೆ ಅವಳು ಅವರ ಮಾನ ಉಳಿಸಬಹುದಿತ್ತು. ಅವಳು ಸೆರಗಿನಿಂದ ಪಂಜರದ ಸರಳು ಒರೆಸುತ್ತ ನಿಂತಳು.

"ವಯಸ್ಸಾಯ್ತು ಕಣಯ್ಯಾ" ಎಂದು ಮಾಸ್ಟರು ನಕ್ಕರು. "ಬೆರಳು ಮರಗಟ್ಟಿಬಿಟ್ಟಿದೆ. ಏನೂ ಗೊತ್ತಾಗಲ್ಲ."

ಅಂದು ಬೆಳಗ್ಗೆ ಇದೇ ಬೆರಳುಗಳು ಅವಳ ಸೂಜಿಗೆ ದಾರ ಪೋಣಿಸಿ ಕೊಟ್ಟಿದ್ದವು. ಅವಳು ಗಂಡನ ಮುಖ ನೋಡಿದಳು. ಆ ಮುಖದಲ್ಲಿ ಆಶ್ಚರ್ಯದ ಸುಳಿವೇ ಇರಲಿಲ್ಲ. ನಿನ್ನೆ ಕೈಗೆ ಕೊಟ್ಟ ಗಳಿಗೆಯಲ್ಲೇ ಅವರಿಗೆ ಎಲ್ಲ ತಿಳಿದಿತ್ತು. ತಿಳಿದೂ ಬುಟ್ಟಿ ಹೊತ್ತು ಬಂದು, ಇಷ್ಟು ಜನರ ಎದುರು ಅವಳ ತಪ್ಪನ್ನು ತನ್ನ ಬೆರಳ ಮೇಲೆ ಹಾಕಿಕೊಂಡಿದ್ದರು. ನಿಂತಲ್ಲೇ ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಅವಳಿಗೆ.

ಸಂಜೆ ಮನೆಗೆ ಬಂದು ಮಾಸ್ಟರು ಬುಟ್ಟಿಯ ಮುಚ್ಚಳ ತೆಗೆದರು. ಸಣ್ಣದು ಹಿತ್ತಿಲಿಗೆ ಓಡಿ ಮಣ್ಣು ಕೆದಕತೊಡಗಿತು. ಅವರು ಮೆಟ್ಟಿಲ ಮೇಲೆ ಕೂತರು. ಸಿಟ್ಟಿಲ್ಲದ ದನಿಯಲ್ಲಿ ಕೇಳಿದರು.

"ಎಲ್ಲಿ ಮಣ್ಣು ಮಾಡಿದೆ ಅದನ್ನ?"

ಅವಳು ಕಂಬ ಹಿಡಿದುಕೊಂಡಳು. ಎಲ್ಲವನ್ನೂ ಹೇಳಿಬಿಡಬೇಕೆಂದು ವ್ಯಾನಿನಲ್ಲಿ ನೂರು ಸಲ ಅಂದುಕೊಂಡು ಬಂದಿದ್ದಳು. ಬಾಯಿ ತೆರೆದಾಗ ಬಂದದ್ದು ಬೇರೆ. "ನಿಂಬೆ ಗಿಡದ ಬುಡದಲ್ಲಿ."

"ಒಂದ್ಸಲ ಮುಟ್ಟಿ ಬರ್ತೀನಿ."

ಗೋಡೆ ತಡವುತ್ತ ಹೋಗಿ, ಗಿಡದ ಬುಡದಲ್ಲಿ ಕಷ್ಟಪಟ್ಟು ಕುಕ್ಕರಗಾಲಲ್ಲಿ ಕೂತರು. ಅಂಗೈಯನ್ನು ನೆಲಕ್ಕೆ ಊರಿದರು. ಮೂವತ್ತು ವರ್ಷ ಕೋಳಿಗಳು ತುಳಿದು ತುಳಿದು ಹೆಂಚಿನಂತಾಗಿದ್ದ ನೆಲ. ಗುದ್ದಲಿ ಮುಟ್ಟಿದ ಗುರುತಿಲ್ಲ. ಅಂಗೈ ಗಿಡದ ಸುತ್ತಲೂ ಒಂದು ಸುತ್ತು ಸರಿದು ಬಂತು. ನಿಂತಿತು.

"ಆಳವಾಗಿ ತೋಡಿದೀಯಾ?" ಎಂದರು.

"ಹ್ಞೂಂ."

"ಒಳ್ಳೇದಾಯ್ತು. ನಾಯಿ ಕೆದಕಲ್ಲ" ಎಂದು ಆ ಗಟ್ಟಿ ನೆಲವನ್ನು ಎರಡು ಸಲ ಮೆಲ್ಲಗೆ ತಟ್ಟಿದರು, ಬೆಳಗಿನ ಹೊತ್ತು ಬೆಳ್ಳಕ್ಕನ ಬೆನ್ನು ತಟ್ಟುತ್ತಿದ್ದ ಹಾಗೆ.

ಅವಳಿಂದ ಇನ್ನು ತಡೆಯಲಾಗಲಿಲ್ಲ. ಬೈದಿದ್ದರೆ, ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದಳು. ಓಡಿ ಬಂದು ಪಕ್ಕದಲ್ಲಿ ಕುಸಿದಳು.

"ಇಲ್ಲಿಲ್ಲ ರೀ. ಸುಳ್ಳು ಹೇಳಿದೆ. ಫೋನು ಬಂತು, ಕೈ ತೆಗೆದುಬಿಟ್ಟೆ. ಬೇಕಂತ ಅಲ್ಲ ರೀ, ನನ್ನಾಣೆ. ಪೇಪರಲ್ಲಿ ಸುತ್ತಿ ಕಸದ ಗಾಡಿಗೆ ಹಾಕ್ಬಿಟ್ಟೆ."

ಪ್ರದರ್ಶನದಲ್ಲಿ ಅಷ್ಟು ಜನರ ಎದುರು ನಗುತ್ತಲೇ ಇದ್ದ ಮಾಸ್ಟರ ಮುಖ ಈಗ ಮುದುಡಿತು. ಕಾಣದ ಆ ಕಣ್ಣುಗಳಿಂದ ನೀರು ಇಳಿದು ಹೊಸ ಕ್ಷೌರದ ಕೆನ್ನೆಯ ಮೇಲೆ ಹರಿಯಿತು. ಅಂಗೈ ಮಾತ್ರ ಇನ್ನೂ ನೆಲದ ಮೇಲೆಯೇ ಇತ್ತು.

"ಯಾಕೇ ಹೇಳಿದೆ?" ಎಂದರು. "ಇಲ್ಲೇ ಇದೆ ಅಂದ್ಕೊಂಡಿರ್ತಿದ್ದೆನಲ್ಲ."